ಒಣಗಿದ ಹಾಗೆ ಕಾಣುವ ಗೋಡೆ

ನೀರು ನುಗ್ಗಿದ ಮನೆಗಳನ್ನು ಒಣಗಿಸುವ ಈ ಕೆಲಸಕ್ಕೆ ಬಂದ ಮೊದಲ ವರ್ಷ ನನ್ನ ಹತ್ತಿರ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇರಲಿಲ್ಲ. ಅಂಗೈ ಇತ್ತು. ಗೋಡೆಗೆ ಕೈ ಒತ್ತಿ ನೋಡುತ್ತಿದ್ದೆ. ತಣ್ಣಗಿಲ್ಲ, ಅಂಟುವುದಿಲ್ಲ ಅಂದರೆ ಒಣಗಿತು ಅಂತ ಲೆಕ್ಕ. ಹೀಗೇ ಲೆಕ್ಕ ಹಾಕಿ ಒಂದು ಮನೆಯಲ್ಲಿ ಪುಟ್ಟಿ ಹಚ್ಚಿಸಿ, ಬಣ್ಣ ಹೊಡೆಸಿ, ದುಡ್ಡು ತಗೊಂಡು ಬಂದೆ. ಆರು ವಾರಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಬಣ್ಣವೆಲ್ಲ ಗುಳ್ಳೆ ಗುಳ್ಳೆಯಾಗಿ ಎದ್ದಿದೆ. ಬೀರು ಸರಿಸಿದರೆ ಹಿಂದೆ ಕರಿ ಬೂಷ್ಟು. ಗೋಡೆಯ ಮೈ ಒಣಗಿತ್ತು, ಹೊಟ್ಟೆ ಒಣಗಿರಲಿಲ್ಲ. ಎಲ್ಲ ಕೆರೆದು, ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಆ ವಾರವೇ ಮೀಟರ್ ಕೊಂಡೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಇತ್ತೀಚೆಗೆ ಒಂದು ಮನೆಯಲ್ಲಿ ಅದೇ ಮೀಟರು ನಾನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿತು.

ಎರಡು ಮಹಡಿಯ ಮನೆ. ಮೇಲೆ ವಾಷಿಂಗ್ ಮಷೀನಿಗೆ ನೀರು ಕೊಡುವ ರಬ್ಬರ್ ಪೈಪು ಒಡೆದಿತ್ತು. ಮನೆಯವರು ಎರಡು ದಿನ ಊರಲ್ಲಿರಲಿಲ್ಲ. ಮಷೀನು ಬಳಸದಾಗ ಅದರ ನಲ್ಲಿ ಮುಚ್ಚಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಮುಚ್ಚುವುದಿಲ್ಲ. ನನ್ನ ಮನೆಯಲ್ಲೂ ಹೆಂಡತಿ ನೆನಪಿಸಿದರೆ ಮಾತ್ರ ಮುಚ್ಚುತ್ತೇನೆ, ನಿಜ ಹೇಳಬೇಕಲ್ಲ.

ನಾನು ಹೋದಾಗ ಮನೆಯ ಮಗ ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತು ಪೊರಕೆ ಆಡಿಸುತ್ತಿದ್ದರು. ಟಿವಿಯ ಪ್ಲಗ್ ಪಾಯಿಂಟು ನೀರಿನಿಂದ ಒಂದು ಗೇಣು ಮೇಲೆ. ಮೊದಲು ಅವರನ್ನು ಹೊರಗೆ ಕರೆದೆ. ಮೇನ್ ಸ್ವಿಚ್ಚು ಒಣ ಜಾಗದಲ್ಲಿತ್ತು, ಆರಿಸಿದೆ. ಅಲ್ಲೂ ನೀರಿದ್ದಿದ್ದರೆ ಮುಟ್ಟುತ್ತಿರಲಿಲ್ಲ, ಲೈನ್‌ಮನ್ ಬರುವ ತನಕ ಕಾಯುತ್ತಿದ್ದೆ. ಆಮೇಲೆ ಮೇಲಿನ ವಾಲ್ವ್ ಮುಚ್ಚಿದೆ. ಆಮೇಲೆ ಫೋಟೋ. ಒಂದು ಸಾಮಾನೂ ಸರಿಸುವ ಮೊದಲು ಪ್ರತಿ ಕೋಣೆಯ ನಾಲ್ಕೂ ಮೂಲೆ, ನೀರು ನಿಂತ ಗೆರೆ, ಒಡೆದ ಪೈಪು. ವಿಮೆಯವರು ಕೇಳುವುದು ಇದನ್ನೇ. ಒಡೆದ ಪೈಪನ್ನು ಎಸೆಯದೆ ಕವರಿನಲ್ಲಿ ಹಾಕಿಡಿ ಅಂದೆ.

ಹಾಲಿನ ಫಾಲ್ಸ್ ಸೀಲಿಂಗ್ ನಡುವೆ ತೊಟ್ಟಿಲಿನ ಹಾಗೆ ಇಳಿಬಿದ್ದಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕೆಜಿ. ನೆನೆದ ಜಿಪ್ಸಮ್ ಬೋರ್ಡು ಅದನ್ನು ಎಷ್ಟು ಹೊತ್ತು ಹೊರುತ್ತೆ? ಕೆಳಗೆ ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು, ಉದ್ದನೆ ಕೋಲಿಗೆ ಸ್ಕ್ರೂಡ್ರೈವರ್ ಕಟ್ಟಿ ಚುಚ್ಚಿದೆ. ಮೂರು ಬಕೆಟ್ ತುಂಬಿತು. ಅಡಿಯಲ್ಲಿ ನಿಂತು ಚುಚ್ಚುವವರನ್ನು ನೋಡಿದ್ದೇನೆ. ಒಮ್ಮೆ ಇಡೀ ಶೀಟು ಹೆಗಲ ಮೇಲೆ ಬಿದ್ದರೆ ಬುದ್ಧಿ ಬರುತ್ತದೆ.

ನೀರು ಎಂಥದ್ದು ಅಂತ ನೋಡುವುದು ನಂತರದ ಕೆಲಸ. ನೀರು ಹೊಕ್ಕ ಕಟ್ಟಡಗಳ ದುರಸ್ತಿಗೆ ನಿಯಮ ಮಾಡುವ ಅಮೆರಿಕದ ಐಐಸಿಆರ್‌ಸಿ ಸಂಸ್ಥೆಯ ಎಸ್500 ಅನ್ನುವ ನಿಯಮದಲ್ಲಿ ಮೂರು ದರ್ಜೆ ಮಾಡಿದ್ದಾರೆ. ನಲ್ಲಿ ನೀರು ಒಂದನೆಯದು. ಬಟ್ಟೆ ಒಗೆದ ನೀರಿನಂಥದ್ದು ಎರಡನೆಯದು. ಕಕ್ಕಸಿನಿಂದ ಉಕ್ಕಿದ್ದು, ಹೊಳೆ ನುಗ್ಗಿದ್ದು ಮೂರನೆಯದು. ಮೂರನೆಯದಾದರೆ ಹಾಸಿಗೆ, ಕಾರ್ಪೆಟ್ಟು ಉಳಿಸುವ ಮಾತೇ ಇಲ್ಲ. ಇಲ್ಲಿ ಬಂದಿದ್ದು ಶುದ್ಧ ನೀರೇ. ಆದರೆ ಎರಡು ದಿನ ಧೂಳು, ಮರದ ಪುಡಿ, ಕಾರ್ಪೆಟ್ಟಿನ ಕೊಳೆ ಜೊತೆ ನಿಂತಿತ್ತಲ್ಲ, ನಾನು ಎರಡನೆಯದು ಅಂತಲೇ ಹಿಡಿದೆ. ಕೈಗೆ ಗ್ಲೌಸು, ಕಾಲಿಗೆ ಗಮ್ ಬೂಟು.

ನೀರು ಎಳೆಯುವುದಕ್ಕೆ ವೆಟ್ ವ್ಯಾಕ್ಯೂಮ್ ತಂದಿದ್ದೆ. ಒಂದು ಸಲ ಎಳೆದು ಮುಗಿಯಿತು ಅನ್ನುವವರೇ ಜಾಸ್ತಿ. ನಾನು ಎರಡು ಸಲ, ಕಾರ್ಪೆಟ್ಟಿಗೆ ಮೂರು ಸಲ ಎಳೆಯುತ್ತೇನೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಹತ್ತಿರ ಹತ್ತಿರ 0.7 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ವ್ಯಾಕ್ಯೂಮ್ ಅದೇ ಲೀಟರನ್ನು ಕ್ಷಣದಲ್ಲಿ ಎಳೆದು ಹಾಕುತ್ತದೆ. ಇಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ದಿನಗಟ್ಟಲೆ ಫ್ಯಾನ್ ತಿರುಗಿಸಬೇಕು.

ಅಡುಗೆಮನೆಯಲ್ಲಿ ನೆಲ ಒರೆಸಿ ಆಗಿತ್ತು. ಅಮ್ಮ, ಅಂದರೆ ಮನೆಯ ಹಿರಿಯರು, ‘ಇಲ್ಲೇನೂ ಇಲ್ಲ ಕಣಪ್ಪ’ ಅಂದರು. ಕ್ಯಾಬಿನೆಟ್ಟಿನ ಕೆಳಗಿನ ಅಡ್ಡಪಟ್ಟಿ ಕಿತ್ತು ಟಾರ್ಚು ಹಿಡಿದು ತೋರಿಸಿದೆ. ಒಳಗೆ ನೀರು ಕನ್ನಡಿಯ ಹಾಗೆ ನಿಂತಿತ್ತು. ಆ ಪಟ್ಟಿ ಮರದ ಪುಡಿ ಅಂಟಿಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು, ಬುಡ ಊದಿಕೊಂಡು ಎರಡರಷ್ಟು ದಪ್ಪ ಆಗಿತ್ತು. ಒಮ್ಮೆ ಊದಿದ ಪಾರ್ಟಿಕಲ್ ಬೋರ್ಡು, ಅದರ ಹಾಗೇ ಒತ್ತಿ ಮಾಡುವ ಎಂಡಿಎಫ್ಪು ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ, ಬಿಸಾಕುವುದೇ. ಕ್ಯಾಬಿನೆಟ್ಟಿನ ಮೈ ಒಳ್ಳೆ ಪ್ಲೈವುಡ್ಡು, ಉಳಿಯಿತು.

ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳೆ ಫೋಟೋ, ಮನೆಯ ಪತ್ರಗಳು ನೆನೆದು ಮುದ್ದೆಯಾಗಿದ್ದವು. ಅಮ್ಮ ಬಿಡಿಸೋಕೆ ಹೊರಟಿದ್ದರು. ತಡೆದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ ಅಂದಾಗ ನನ್ನ ಮುಖವನ್ನೇ ನೋಡಿದರು. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ, ಶಾಯಿ ಇನ್ನಷ್ಟು ಹರಡುವುದಿಲ್ಲ. ಪುರುಸೊತ್ತು ಆದಾಗ ತೆಗೆದು ಒಂದೊಂದಾಗಿ ಬಿಡಿಸಬಹುದು.

ಮಧ್ಯಾಹ್ನಕ್ಕೆ ಮಗ ಕಿಟಕಿಗಳನ್ನೆಲ್ಲ ತೆಗೆದಿಟ್ಟರು. ‘ಗಾಳಿ ಆಡಿದರೆ ಬೇಗ ಒಣಗುತ್ತೆ ಅಲ್ವಾ?’ ಹೊರಗೆ ಜಿಟಿಜಿಟಿ ಮಳೆ. ಗಾಳಿಗೂ ನೀರು ಹೊರುವುದಕ್ಕೆ ಒಂದು ಮಿತಿ ಇದೆ. 30 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಮ್ ನೀರು ಹೊರುತ್ತದೆ, 20 ಡಿಗ್ರಿಯದ್ದಾದರೆ 17 ಗ್ರಾಮ್. ಮಳೆಯ ಗಾಳಿ ಆಗಲೇ ಹೊಟ್ಟೆ ತುಂಬಿಸಿಕೊಂಡು ಬಂದಿರುತ್ತದೆ, ನಮ್ಮ ಗೋಡೆಯ ನೀರು ಎಲ್ಲಿಂದ ಕುಡಿಯಬೇಕು? ಬಿಸಿಲಿನ ಒಣ ದಿನವಾಗಿದ್ದರೆ ನಾನೇ ಕಿಟಕಿ ತೆಗೆಸುತ್ತಿದ್ದೆ. ಅವತ್ತು ಮುಚ್ಚಿಸಿ, ಗಾಳಿಯ ತೇವ ಹೀರಿ ನೀರಾಗಿ ಹಿಡಿಯುವ ಡಿಹ್ಯೂಮಿಡಿಫೈಯರ್ ಎರಡು ಇಟ್ಟೆ. ಅದಕ್ಕೆ ಮೊದಲು ಎಲೆಕ್ಟ್ರಿಷಿಯನ್ ಬಂದು ನೆನೆದ ಲೈನುಗಳನ್ನು ಬೇರೆ ಮಾಡಿ, ಒಣ ಲೈನಿಗೆ ಮಾತ್ರ ಕರೆಂಟ್ ಕೊಟ್ಟಿದ್ದ. ಆರು ಫ್ಯಾನುಗಳನ್ನು ನೆಲಮಟ್ಟದಲ್ಲಿ, ಗೋಡೆಯನ್ನು ಸವರಿಕೊಂಡು ಗಾಳಿ ಹೋಗುವ ಹಾಗೆ ಓರೆಯಾಗಿ ಇಟ್ಟೆ. ಡಿಹ್ಯೂಮಿಡಿಫೈಯರ್ ಇಲ್ಲದೆ ಬರೀ ಫ್ಯಾನ್ ಹಾಕಿದರೆ ಹಾಲಿನ ತೇವ ಮಲಗುವ ಕೋಣೆಯ ಬಟ್ಟೆ ಬೀರುವಿಗೆ ಹೋಗಿ ಕೂರುತ್ತದೆ, ಅಷ್ಟೇ.

ಡಿಹ್ಯೂಮಿಡಿಫೈಯರಿನ ನೀರನ್ನು ನಾನು ಸುಮ್ನೆ ಚೆಲ್ಲುವುದಿಲ್ಲ, ಅಳೆದು ಬರೆಯುತ್ತೇನೆ. ಮೊದಲ ದಿನ 31 ಲೀಟರ್. ಎರಡನೆಯ ದಿನ 26. ಒಂದು ವಾರ ಆಗುವ ಹೊತ್ತಿಗೆ ದಿನಕ್ಕೆ 6.

ಬೂಷ್ಟಿಗೆ ನೆನೆದ ಮೇಲೆ 24ರಿಂದ 48 ಗಂಟೆ ಸಾಕು. ನಾವು ಹೋಗುವ ಹೊತ್ತಿಗೆ ಆ ಗಡುವು ಮುಗಿದಿತ್ತು. ಸೀಲಿಂಗಿನ ಒಳಬದಿಯಲ್ಲಿ ಬೂದಿ ಎರಚಿದ ಹಾಗೆ ಶುರುವಾಗಿತ್ತು. ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಮರೆ ಮಾಡಿ, ಎನ್95 ಮಾಸ್ಕ್ ಹಾಕಿ, ನೆನೆದ ಜಿಪ್ಸಮ್ ಬೋರ್ಡನ್ನು ಕತ್ತರಿಸಿ ಅಲ್ಲೇ ಚೀಲಕ್ಕೆ ತುಂಬಿ ಕಟ್ಟಿದೆವು. ‘ಬ್ಲೀಚ್ ಹೊಡೆದರೆ ಸಾಕಲ್ವಾ’ ಅಂತ ಎಲ್ಲರೂ ಕೇಳುತ್ತಾರೆ. ಟೈಲ್ಸಿನ ಮೇಲೆ ಸರಿ. ನೀರು ಹೀರುವ ಬೋರ್ಡಿನಲ್ಲಿ ಮೇಲಿನ ಕಪ್ಪು ಬಿಳಿಯಾಗುತ್ತೆ, ಒಳಗಿನ ಬೇರು ಹಾಗೇ ಇರುತ್ತೆ. ಸತ್ತ ಬೂಷ್ಟೂ ಅಲರ್ಜಿ ಕೊಡುತ್ತದೆ, ಅದಕ್ಕೇ ಕಿತ್ತು ಹೊರಗೆ ಹಾಕಬೇಕು.

ಮೇಲಿನ ಕೋಣೆಯ ಮರದ ನೆಲದ ಹಲಗೆಗಳು ದೋಣಿಯ ಹಾಗೆ ಅಂಚು ಎತ್ತಿಕೊಂಡಿದ್ದವು. ಬಡಗಿ ಉಜ್ಜಿ ಸಮ ಮಾಡುತ್ತೇನೆ ಅಂದ. ಬೇಡ ಅಂದೆ. ಅಡಿಭಾಗ ಜಾಸ್ತಿ ನೆನೆದು ಹಿಗ್ಗಿರುವುದರಿಂದ ಅಂಚು ಎದ್ದಿರುತ್ತದೆ. ಈಗ ಅಂಚು ಉಜ್ಜಿದರೆ, ಅಡಿ ಒಣಗಿದ ಮೇಲೆ ನಡುವೆ ಬೆನ್ನು ಎದ್ದು ನಿಲ್ಲುತ್ತದೆ. ಪಕ್ಕದ ಕೋಣೆಯ ನೆನೆಯದ ನೆಲದಲ್ಲಿ ಮೀಟರ್ ಶೇಕಡಾ 10 ತೋರಿಸುತ್ತಿತ್ತು, ಇಲ್ಲಿ 19. ಇದು 12ಕ್ಕೆ ಇಳಿಯಲು ಐದು ವಾರ ಬೇಕಾಯಿತು. ಅಷ್ಟರಲ್ಲಿ ಮುಕ್ಕಾಲು ಪಾಲು ಹಲಗೆ ತಾನೇ ಮಲಗಿದ್ದವು.

ಇನ್ನು ಗೋಡೆ. ಗಾರೆ ಗೋಡೆಗೆ ಮೀಟರಿನ ಎರಡು ಮುಳ್ಳು ಒತ್ತಿದರೆ ಬರುವ ಅಂಕಿ ನಿಜವಾದ ಶೇಕಡಾ ಅಲ್ಲ. ಅದು ಮರಕ್ಕೆ ಅಂತ ಮಾಡಿದ ಅಳತೆ. ಗೋಡೆಯಲ್ಲಿ ಉಪ್ಪು ಇದ್ದರೆ ಒಣಗಿದ್ದರೂ ಜಾಸ್ತಿ ತೋರಿಸುತ್ತದೆ. ಹಾಗಾಗಿ ಅದೇ ಮನೆಯ ನೆನೆಯದ ಗೋಡೆಯ ಅಂಕಿಯನ್ನು ಮೊದಲು ತಗೋಬೇಕು. ಇಲ್ಲಿ ಅದು 9. ಒದ್ದೆ ಗೋಡೆ ಅದರ ಹತ್ತಿರ ಬರಬೇಕು, ಬಂದು ನಿಲ್ಲಬೇಕು. ಥರ್ಮಲ್ ಕ್ಯಾಮೆರಾ ಒಂದಿದೆ ನನ್ನ ಹತ್ತಿರ, ಗಿರಾಕಿಗಳಿಗೆ ಅದರ ಬಣ್ಣ ನೋಡೋಕೆ ಖುಷಿ. ಅದು ತೋರಿಸುವುದು ತಂಪನ್ನು, ತೇವವನ್ನಲ್ಲ. ಎಲ್ಲಿ ಚುಚ್ಚಿ ನೋಡಬೇಕು ಅಂತ ಹೇಳುತ್ತದೆ, ಅಷ್ಟೇ.

ಚುಚ್ಚಿದ ಪ್ರತಿ ಜಾಗದ ಪಕ್ಕ ಪೆನ್ಸಿಲಿನಲ್ಲಿ ತಾರೀಖು, ಅಂಕಿ ಬರೆಯುತ್ತೇನೆ. ಹೇಗೂ ಬಣ್ಣ ಹೊಡೆಯುವ ಗೋಡೆ ತಾನೇ. ಅಮ್ಮನಿಗೆ ಇದು ಹಿಡಿಸಿತು. ‘ನನಗೂ ಕಲಿಸು, ನೀನು ದಿನಾ ಯಾಕೆ ಓಡಾಡ್ತೀಯಾ’ ಅಂದರು. ನನ್ನ ಹಳೆ ಮೀಟರ್ ಅವರ ಕೈಗೆ ಕೊಟ್ಟೆ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಹನ್ನೆರಡು ಜಾಗ ಚುಚ್ಚಿ ಬರೆಯುತ್ತಿದ್ದರು. ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

ಹತ್ತೊಂಬತ್ತನೆಯ ದಿನ ಮಗ ಫೋನ್ ಮಾಡಿದರು. ತಿಂಗಳ ಕೊನೆಗೆ ನೆಂಟರು ಬರುತ್ತಾರೆ, ಬಣ್ಣ ಹೊಡೆದುಬಿಡಿ, ಎಲ್ಲ ಒಣಗಿದೆ. ಹೋಗಿ ನೋಡಿದೆ. ಹನ್ನೊಂದು ಜಾಗ 10, 11ಕ್ಕೆ ಇಳಿದಿದ್ದವು. ಬಚ್ಚಲಿಗೆ ತಾಗಿದ ಹಾಲಿನ ಮೂಲೆ ಮಾತ್ರ 24. ಅಮ್ಮನ ದುಂಡು ಅಕ್ಷರದಲ್ಲಿ ಒಂದರ ಕೆಳಗೊಂದು: 31, 27, 25, 24, 24, 24, 24.

‘ಒಂದು ಮೂಲೆ ತಾನೇ ಸಾರ್, ಬಿಡಿ’ ಅಂತ ನಮ್ಮ ಪೇಂಟರೂ ಅಂದ. ಕೈ ಇಟ್ಟೆ. ಒಣಗಿದ ಹಾಗೇ ಇತ್ತು. ಹಳೆ ನಾನಾಗಿದ್ದರೆ ಪುಟ್ಟಿ ಕಲಸಿ ಎನ್ನುತ್ತಿದ್ದೆ.

ಮಂಡಿಯೂರಿ ಕೂತು, ನೆಲದಿಂದ ಮೇಲಕ್ಕೆ ಒಂದೊಂದು ಗೇಣಿಗೆ ಚುಚ್ಚುತ್ತಾ ಹೋದೆ. ಸ್ಕರ್ಟಿಂಗಿನ ಹತ್ತಿರ 17. ಮಂಡಿಯ ಎತ್ತರದಲ್ಲಿ 24. ಸೊಂಟದ ಎತ್ತರದಲ್ಲಿ 12. ಇದೇನು ಅಂತ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೆಲದ ಮೇಲೆ ನಿಂತ ನೀರನ್ನು ಗೋಡೆ ಬುಡದಿಂದ ಹೀರಿಕೊಂಡು ಮೇಲೇರಿಸುತ್ತದೆ. ಹಾಗಾದರೆ ಬುಡವೇ ಎಲ್ಲಕ್ಕಿಂತ ಒದ್ದೆ ಇರಬೇಕು. ನಡುವೆ ಜಾಸ್ತಿ, ಬುಡದಲ್ಲಿ ಕಡಿಮೆ ಅಂದರೆ ನೀರು ನೆಲದಿಂದ ಬಂದಿದ್ದಲ್ಲ. ಅಲ್ಲೇ, ಗೋಡೆಯ ಒಳಗೆ, ಈಗಲೂ ಬರುತ್ತಿದೆ.

ಅಮ್ಮನನ್ನು ಕೇಳಿದೆ, ಈ ಮೂಲೆಯಲ್ಲಿ ಮೊದಲು ಏನಾದರೂ ಇತ್ತಾ ಅಂತ. ‘ಅಲ್ಲಿ ಬಣ್ಣ ಪ್ರತಿ ವರ್ಷ ಏಳುತ್ತೆ, ಪ್ರತಿ ವರ್ಷ ಹೊಡೆಸ್ತೀವಿ’ ಅಂದರು, ಇದೇನು ದೊಡ್ಡ ವಿಷಯ ಅನ್ನುವ ಹಾಗೆ.

ಸೋರಿಕೆ ಹುಡುಕಲು ಮೊದಲು ಸುಲಭದ ದಾರಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದುಕೊಳ್ಳುವುದು, ಬೆಳಿಗ್ಗೆ ನೋಡುವುದು. ನೀರು ಮೇಲಿನ ಟ್ಯಾಂಕಿನಿಂದ ಇಳಿಯುವ ಮನೆಯಾದರೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ ಅದರ ಮಟ್ಟಕ್ಕೆ ಗುರುತು ಮಾಡುವುದು. ಇಲ್ಲಿ ಎರಡರಲ್ಲೂ ಏನೂ ಕಾಣಲಿಲ್ಲ, ಅಷ್ಟು ಸಣ್ಣ ಸೋರಿಕೆ. ಪ್ಲಂಬರ್ ಕೈಪಂಪಿನಿಂದ ಲೈನುಗಳಿಗೆ ಬೇರೆ ಬೇರೆಯಾಗಿ ಒತ್ತಡ ಕೊಟ್ಟ. ತಣ್ಣೀರಿನ ಲೈನಿನಲ್ಲಿ ಪಂಪಿನ ಒತ್ತಡ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಗೀಸರಿನಿಂದ ಬರುವ ಬಿಸಿನೀರಿನ ಲೈನಿನಲ್ಲಿ ಒಂದು ಗಂಟೆಯೊಳಗೆ ಮುಳ್ಳು ಇಳಿಯಿತು.

ಬಚ್ಚಲ ಕಡೆಯಿಂದ ಒಡೆದರೆ ಟೈಲ್ಸು ಹಾಳು, ಅದೇ ಬಣ್ಣದ್ದು ಮತ್ತೆ ಸಿಗುವುದು ಕಷ್ಟ. ಹಾಲಿನ ಕಡೆಯಿಂದಲೇ ಒಡೆದೆವು. ಒಂದು ಅಡಿ ಚೌಕ. ಮೂರನೆಯ ಇಟ್ಟಿಗೆಯ ಹಿಂದೆ ಎಲ್ಬೋ ಜಾಯಿಂಟು, ಅದರ ಸುತ್ತ ಹಸಿರು ಕಟ್ಟಿದ ಕಲೆ. ಕಾಗದದ ಚೂರು ಒತ್ತಿ ಹಿಡಿದೆ. ಅದು ಒದ್ದೆಯಾಗಲು ಹತ್ತು ನಿಮಿಷ ಬೇಕಾಯಿತು. ಎಷ್ಟೋ ವರ್ಷದಿಂದ ಹೀಗೇ ಜಿನುಗುತ್ತಿತ್ತೋ ಏನೋ. ವಾಷಿಂಗ್ ಮಷೀನಿನ ಪೈಪು ಒಡೆಯದಿದ್ದರೆ ಇನ್ನೂ ಅಷ್ಟೇ ವರ್ಷ ಬಣ್ಣ ಹೊಡೆಸುತ್ತಲೇ ಇರುತ್ತಿದ್ದರು.

ಜಾಯಿಂಟು ಬದಲಾಯಿಸಿ, ಮತ್ತೆ ಒತ್ತಡ ಕೊಟ್ಟು, ಒಂದು ರಾತ್ರಿ ಬಿಟ್ಟು ನೋಡಿದೆವು. ಮುಳ್ಳು ನಿಂತಲ್ಲೇ ನಿಂತಿತ್ತು. ಮಗ ತೂತು ಮುಚ್ಚಿಬಿಡಿ, ನೆಂಟರು ಬರುವ ಹೊತ್ತು ಅಂದರು. ಹಸಿ ಇಟ್ಟಿಗೆಯ ಮೇಲೆ ಗಾರೆ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ ಅಂತ ಹೇಳುತ್ತಿದ್ದೆ, ಅಮ್ಮ ನಡುವೆ ಬಾಯಿ ಹಾಕಿದರು. ‘ಬರೋರು ನಮ್ಮನ್ನ ನೋಡೋಕೆ ಬರ್ತಾರೋ ಗೋಡೆ ನೋಡೋಕೋ? ಇರಲಿ ಬಿಡು.’ ಬೇರೆ ಗೋಡೆಗಳಿಗೆಲ್ಲ ಬಣ್ಣ ಆಯಿತು. ಆ ಮೂಲೆ ತೂತಿನ ಜೊತೆ, ಪೆನ್ಸಿಲಿನ ಅಂಕಿಗಳ ಜೊತೆ ಹಾಗೇ ಇತ್ತು. ಒಂದು ಫ್ಯಾನು ಅದರ ಕಡೆ ಮುಖ ಮಾಡಿ ತಿರುಗುತ್ತಿತ್ತು.

ನೆಂಟರು ಬಂದು ಹೋದರು. ಇಪ್ಪತ್ತಮೂರು ದಿನದ ಮೇಲೆ ಅಮ್ಮನ ಫೋನ್.

‘ಹತ್ತಕ್ಕೆ ಬಂತು ಕಣಪ್ಪ. ಮೂರು ದಿನದಿಂದ ಹತ್ತೇ ಇದೆ. ಗಾರೆಯವನನ್ನ ಕಳಿಸು.’