ಕಾರಿನ ಬಾಗಿಲು ಸರಿಯಾಗಿ ಕೂರದಿದ್ದಾಗ

ಕಾರಿನ ಬಾಗಿಲು ಒಂದೇ ಸಲಕ್ಕೆ ಕೂರದೆ ಎರಡು ಮೂರು ಸಲ ಬಡಿಯಬೇಕಾಗಿ ಬಂದರೆ, ಮನೆಯವರೆಲ್ಲ ಬಲು ಬೇಗ ಅದಕ್ಕೆ ಒಗ್ಗಿಕೊಂಡುಬಿಡುತ್ತಾರೆ. ಸಣ್ಣ ದೋಷ ದೊಡ್ಡದಾಗುವುದು ಆಗಲೇ. ಬಡಿದಷ್ಟೂ ಹಿಂಜಿನ ಪಿನ್ನು ಸವೆಯುತ್ತದೆ, ಬಾಗಿಲೊಳಗಿನ ಗಾಜು ಏರಿಳಿಸುವ ವ್ಯವಸ್ಥೆ ಸಡಿಲಗೊಳ್ಳುತ್ತದೆ, ಲಾಕಿನ ಸ್ಪ್ರಿಂಗ್ ದಣಿಯುತ್ತದೆ. ಅಂಬಾಸಡರಿನ ಭಾರವಾದ ಬಾಗಿಲುಗಳಿಗೆ ಕೈ ಪಳಗಿದ ನನ್ನ ವಯಸ್ಸಿನವರು ಇಂದಿನ ಹಗುರ ಕಾರುಗಳ ಬಾಗಿಲನ್ನೂ ಅದೇ ರಭಸದಲ್ಲಿ ಎಳೆಯುತ್ತಾರೆಂಬುದನ್ನೂ ಇಲ್ಲಿ ಹೇಳಲೇಬೇಕು.

ಇಂಥ ಬಾಗಿಲನ್ನು ಗ್ಯಾರೇಜಿಗೆ ಒಯ್ದರೆ ಅನೇಕ ಕಡೆ ಮೊದಲು ಮಾಡುವ ಕೆಲಸವೆಂದರೆ, ಬಾಗಿಲಿನ ಚೌಕಟ್ಟಿನ ಕಂಬದ ಮೇಲಿರುವ, ಲಾಕು ಕಚ್ಚಿಕೊಳ್ಳುವ ಕೊಂಡಿಯಾಕಾರದ ಸ್ಟ್ರೈಕರನ್ನು ಸಡಿಲಿಸಿ ಒಂದಿಷ್ಟು ಆಚೀಚೆ ಸರಿಸುವುದು. ಬಾಗಿಲು ಅಂದಿಗೆ ಕೂರುತ್ತದೆ, ನಿಜ. ಆದರೆ ಮೂಲ ದೋಷ ಹಿಂಜಿನಲ್ಲೋ ರಬ್ಬರಿನಲ್ಲೋ ಇದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು. ನನ್ನ ಮಟ್ಟಿಗೆ ಸ್ಟ್ರೈಕರ್ ಕೊನೆಗೆ ಮುಟ್ಟಬೇಕಾದ ವಸ್ತು.

ಮೊದಲು ಕಿವಿಗೊಟ್ಟು ಕೇಳಿ. ಬಾಗಿಲನ್ನು ಮೆಲ್ಲಗೆ ಒತ್ತಿದಾಗ ಲಾಕು ಎರಡು ಹಂತದಲ್ಲಿ ‘ಟಕ್’ ಎನ್ನಬೇಕು. ಮೊದಲ ಹಂತದಲ್ಲೇ ನಿಂತರೆ ಬಾಗಿಲು ತೆರೆದುಕೊಳ್ಳುವುದಿಲ್ಲ, ಆದರೆ ಅಂಚು ಸ್ವಲ್ಪ ಹೊರಗೆ ಉಬ್ಬಿರುತ್ತದೆ, ಎಚ್ಚರಿಕೆಯ ದೀಪವೂ ಆರುವುದಿಲ್ಲ. ಸದ್ದೇ ಬಾರದೆ ಬಾಗಿಲು ಪುಟಿದು ಹಿಂದಕ್ಕೆ ಬಂದರೆ, ಅದು ತೆರೆದಿದ್ದಾಗಲೇ ಯಾರೋ ಲಾಕನ್ನು ಬೆರಳಿನಿಂದ ಒತ್ತಿ ಮುಚ್ಚಿರುವ ಸಾಧ್ಯತೆಯಿದೆ. ಮಕ್ಕಳಿರುವ ಮನೆಯಲ್ಲಿ ಇದು ಮಾಮೂಲು. ಹೊರಗಿನ ಹಿಡಿಯನ್ನು ಎಳೆದರೆ ಲಾಕು ಬಿಟ್ಟುಕೊಂಡು ಸರಿಯಾಗುತ್ತದೆ. ಹಿಂದಿನ ಬಾಗಿಲಲ್ಲಿ ಚೈಲ್ಡ್ ಲಾಕ್ ಬಿದ್ದಿದ್ದರೆ ಒಳಗಿನ ಹಿಡಿ ಕೆಲಸ ಮಾಡದಿರುವುದರಿಂದ, ಹೊರಗಿನದನ್ನೇ ಎಳೆಯಬೇಕು.

ಇದೇನೂ ಅಲ್ಲವೆಂದಾದರೆ ಧೂಳನ್ನು ಅನುಮಾನಿಸಿ. ಮಣ್ಣು ರಸ್ತೆಯಲ್ಲಿ ಓಡಾಡುವ ಕಾರುಗಳಲ್ಲಿ ಲಾಕಿನ ಹಳೆಯ ಗ್ರೀಸು ಕೆಂಪು ಧೂಳಿನೊಡನೆ ಸೇರಿ ಅಂಟಿನ ಉಂಡೆಯಾಗಿರುತ್ತದೆ, ಒಳಗಿನ ನಾಲಗೆ ಪೂರ್ತಿ ತಿರುಗುವುದಿಲ್ಲ. ಹಾಗಾದಾಗ ಮೇಲಿನಿಂದ ಇನ್ನಷ್ಟು ಗ್ರೀಸು ಮೆತ್ತುವುದು ವ್ಯರ್ಥ. ತುಕ್ಕು ಬಿಡಿಸುವ ಸ್ಪ್ರೇಯನ್ನು ಒಳಗೆ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸ್ಕ್ರೂ ಡ್ರೈವರಿನ ತುದಿಯಿಂದ ನಾಲಗೆಯನ್ನು ಒತ್ತಿ, ಹಿಡಿಯನ್ನು ಎಳೆದು, ಅದು ಸಲೀಸಾಗಿ ಆಡುವ ತನಕ ಆಡಿಸಿರಿ. ಕೊನೆಗೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಿದರೆ ಸಾಕು. ಅಡುಗೆ ಎಣ್ಣೆಯನ್ನಂತೂ ಹಾಕಲೇಬೇಡಿ, ಅದು ದಿನ ಕಳೆದಂತೆ ಜಿಗುಟಾಗುತ್ತದೆ.

ಸುತ್ತಲಿನ ರಬ್ಬರ್ ಬೀಡಿಂಗ್ ಜಾಗ ಬಿಟ್ಟು ಜಾರಿದ್ದರೂ ಮಡಚಿಕೊಂಡಿದ್ದರೂ ಬಾಗಿಲು ತಡೆಯುತ್ತದೆ. ಹೊಸದಾಗಿ ಹಾಕಿಸಿದ ಬೀಡಿಂಗ್ ಕೆಲವು ದಿನ ಬಿಗಿಯಾಗಿರುವುದು ಸಹಜವಾದ್ದರಿಂದ ಅದಕ್ಕಾಗಿ ಯಾವುದನ್ನೂ ಸಡಿಲಿಸಬೇಕಾಗಿಲ್ಲ. ಗಾಜುಗಳನ್ನೆಲ್ಲ ಏರಿಸಿದ್ದಾಗ ಮಾತ್ರ ಬಾಗಿಲು ಹಟ ಮಾಡಿದರೆ, ಒಳಗೆ ಸಿಕ್ಕ ಗಾಳಿಯ ಒತ್ತಡವೂ ಕಾರಣವಾಗಿರಬಹುದು. ಒಂದು ಗಾಜನ್ನು ಕೊಂಚ ಇಳಿಸಿ ನೋಡಿ. ರಬ್ಬರ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ತಿಳಿಯಲು ದಿನಪತ್ರಿಕೆಯ ಪಟ್ಟಿಯೊಂದನ್ನು ಇಟ್ಟು ಬಾಗಿಲು ಹಾಕಿ ಎಳೆಯಿರಿ: ಸುತ್ತಲೂ ಒಂದೇ ಹದದಲ್ಲಿ ಬಿಗಿಯಾಗಿ ಬಂದರೆ ಸರಿ.

ಇನ್ನು ಮುಖ್ಯವಾದದ್ದು ಹಿಂಜು. ಬಾಗಿಲನ್ನು ಅರ್ಧ ತೆರೆದು, ಅದರ ಹಿಂದಿನ ಅಂಚನ್ನು ಕೆಳಗಿನಿಂದ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ ಇಳಿಸಿರಿ. ಅಲುಗಾಟ ಕೈಗೆ ತಿಳಿಯುವಂತಿದ್ದರೆ ಪಿನ್ನು ಮತ್ತು ಅದು ಕೂರುವ ಬಳೆ, ಅಂದರೆ ಬುಷ್, ಸವೆದಿವೆ, ಇಲ್ಲವೇ ಬೋಲ್ಟು ಸಡಿಲವಾಗಿದೆ. ಚಾಲಕನ ಬಾಗಿಲಿನಲ್ಲಿ ಇದು ಹೆಚ್ಚು, ಏಕೆಂದರೆ ದಿನವೂ ಅತಿ ಹೆಚ್ಚು ತೆರೆಯುವುದು ಅದೇ. ಮೇಲಾಗಿ ಇಳಿಯುವಾಗ ಅದರ ಮೇಲೆ ಭಾರ ಹಾಕುವ ಅಭ್ಯಾಸ ಹಲವರಿಗಿದೆ. ಬೋಲ್ಟು ಸಡಿಲವಾಗಿದ್ದರೆ, ಇನ್ನೊಬ್ಬರು ಬಾಗಿಲನ್ನು ಎತ್ತಿ ಹಿಡಿದಿರುವಾಗ ಸ್ಪ್ಯಾನರಿನಿಂದ ಬಿಗಿ ಮಾಡಬಹುದು. ಪಿನ್ನು ಸವೆದಿದ್ದರೆ ಅಥವಾ ಹಿಂಜು ಕೂತ ತಗಡೇ ತುಕ್ಕು ತಿಂದಿದ್ದರೆ ಅದು ಟಿಂಕರಿಂಗ್ ಮಾಡುವವರ ಕೆಲಸ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳವರು ಬಾಗಿಲಿನ ತಳದಲ್ಲಿರುವ ನೀರು ಹೋಗುವ ರಂಧ್ರಗಳನ್ನೂ ಮಳೆಗಾಲಕ್ಕೆ ಮುಂಚೆ ಕಡ್ಡಿಯಿಂದ ಬಿಡಿಸಿಕೊಳ್ಳಬೇಕು; ಒಳಗೆ ನಿಂತ ನೀರು ತಗಡನ್ನು ಕೊಳೆಸುತ್ತದೆ.

ಹಿಂಜು ಗಟ್ಟಿಯಾಗಿದೆ, ಲಾಕು ಶುದ್ಧವಾಗಿದೆ ಎಂದು ಖಚಿತವಾದ ಮೇಲೆ ಸ್ಟ್ರೈಕರಿನ ಕಡೆ ಬನ್ನಿ. ಅದನ್ನು ಒರೆಸಿ, ಸೀಮೆಸುಣ್ಣ ಹಚ್ಚಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆದರೆ ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಲಾಕು ತಾಗುತ್ತಿದೆ ಎಂದರ್ಥ. ಈಗಿನ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದನ್ನು ಮರೆಯಬೇಡಿ, ಕೆಟ್ಟರೆ ಮೊದಲಿನ ಜಾಗಕ್ಕೆ ಮರಳಲು ಅದೊಂದೇ ದಾರಿ. ಹಳೆಯ ಕಾರುಗಳಲ್ಲಿ ಪ್ಲಸ್ ತಲೆಯ ಸ್ಕ್ರೂ, ಹೊಸವುಗಳಲ್ಲಿ ಹೆಚ್ಚಾಗಿ ನಕ್ಷತ್ರಾಕಾರದ ತಲೆ ಇರುತ್ತದೆ. ಸರಿಯಾದ ಬಿಟ್ ಇಲ್ಲದೆ ತಿರುಗಿಸಿದರೆ ತಲೆ ಸವೆದುಹೋಗಿ ಮತ್ತೊಂದು ರಗಳೆ. ಸ್ಕ್ರೂಗಳನ್ನು ಪೂರ್ತಿ ತೆಗೆಯಬೇಡಿ, ಏಕೆಂದರೆ ಕೆಲವು ಕಾರುಗಳಲ್ಲಿ ಕಂಬದೊಳಗಿನ ನಟ್ಟಿನ ಪಟ್ಟಿ ಜಾರಿ ಒಳಗೆ ಬೀಳಬಹುದು. ಸ್ಟ್ರೈಕರ್ ಅಲುಗುವಷ್ಟು ಸಡಿಲಿಸಿ, ಒಂದು ಮಿಲಿಮೀಟರಿನಷ್ಟು ಮಾತ್ರ ಸರಿಸಿ, ಬಿಗಿ ಮಾಡಿ, ಮುಚ್ಚಿ ನೋಡಿ. ಬಾಗಿಲು ಹೊರಗೆ ಉಬ್ಬಿದ್ದರೆ ಸ್ಟ್ರೈಕರನ್ನು ಒಳಕ್ಕೆ, ಒತ್ತಿ ಒತ್ತಿ ಹಾಕಬೇಕಾದಷ್ಟು ಬಿಗಿಯಿದ್ದರೆ ಹೊರಕ್ಕೆ, ಮುಚ್ಚುವಾಗ ಬಾಗಿಲು ಮೇಲಕ್ಕೋ ಕೆಳಕ್ಕೋ ಜಗ್ಗಿದಂತಾದರೆ ಅದಕ್ಕೆ ತಕ್ಕಂತೆ ಸರಿಸಬೇಕು.

ಎಲ್ಲಿಗಾದರೂ ಗುದ್ದಿದ ಮೇಲೆ ಶುರುವಾದ ತೊಂದರೆಯಾಗಿದ್ದರೆ ಇದಾವುದಕ್ಕೂ ಕೈ ಹಾಕದೆ ನೇರವಾಗಿ ಟಿಂಕರಿಂಗ್ ಮಾಡುವವರಲ್ಲಿಗೆ ಒಯ್ಯಿರಿ. ಒಂದೇ ಪಕ್ಕದ ಎರಡು ಬಾಗಿಲುಗಳೂ ಸೊಟ್ಟಗಾಗಿದ್ದರೆ ಹಿಂದಿನದರಿಂದ ಆರಂಭಿಸಲು ಹೇಳಿ. ಅದರ ಹಿಂದಿನ ತಗಡು ಬೆಸುಗೆ ಹಾಕಿದ್ದಾಗಿದ್ದು ಸರಿಸಲು ಬಾರದ್ದರಿಂದ, ಹಿಂದಿನ ಬಾಗಿಲನ್ನು ಅದಕ್ಕೆ ಹೊಂದಿಸಿ, ಆಮೇಲೆ ಮುಂದಿನದನ್ನು ಇದಕ್ಕೆ ಹೊಂದಿಸುವುದೇ ಕ್ರಮ.