ಟೌನ್ಸ್‌ವಿಲ್‌ನಲ್ಲಿ ಹವಳದ ಕೆಮಿಸ್ಟ್ರಿ ಕೆಲಸ: ಮೈಸೂರು, ಮಂಡ್ಯದವರಿಗೆ ಒಂದಿಷ್ಟು ಮಾಹಿತಿ

ಮಂಡ್ಯದ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಅಲ್ವಾ? ನಮ್ಮಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಹುಳಿ ತಾಗಿದರೆ ಕರಗುತ್ತದೆ. ಹವಳ ಕಟ್ಟಿಕೊಳ್ಳುವ ಮನೆಯೂ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿಯಲ್ಲಿ ಜಾಸ್ತಿಯಾದ ಕಾರ್ಬನ್ ಡೈಆಕ್ಸೈಡ್ ಸಮುದ್ರಕ್ಕೆ ಇಳಿದು, ಮೇಲ್ಭಾಗದ ನೀರಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 8.2ರಿಂದ ಸುಮಾರು 8.1ಕ್ಕೆ ಬಂದಿದೆ. ಸಮುದ್ರ ಹುಳಿಯಾಗಿಬಿಟ್ಟಿಲ್ಲ. ಆದರೆ ಹವಳಕ್ಕೆ ಮನೆ ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತಿದೆ.

ಇದರ ಜೊತೆಗೆ ಬಿಸಿ ಬೇರೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸುಮಾರು 2,300 ಕಿಲೋಮೀಟರ್ ಉದ್ದದ ಹವಳದ ದಿಬ್ಬಗಳ ಸಾಲು. ಅಲ್ಲಿ 2016, 2017, 2020, 2022, 2024ರಲ್ಲಿ ದೊಡ್ಡ ಮಟ್ಟದಲ್ಲಿ ಹವಳ ಬಿಸಿಗೆ ಬಣ್ಣ ಕಳೆದುಕೊಂಡು ಬಿಳುಚಿತು. ಅದಕ್ಕೇ ಇಲ್ಲಿ ನೀರಿನ ಕೆಮಿಸ್ಟ್ರಿ ಗೊತ್ತಿರುವವರು ಬೇಕು. ಕ್ವೀನ್ಸ್‌ಲ್ಯಾಂಡ್‌ನ ಟೌನ್ಸ್‌ವಿಲ್‌ನಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯ ಇದೆ. ಊರಾಚೆ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸೈನ್ಸ್ ಇದೆ. ಮುಂದಿನ ದಿನಗಳಲ್ಲಿ ಸಮುದ್ರದ ಬಿಸಿ, ಪಿಎಚ್ ಹೇಗಿರಬಹುದೋ ಹಾಗೆ ನೀರನ್ನು ತೊಟ್ಟಿಗಳಲ್ಲಿ ಇಟ್ಟು ಹವಳ ಬೆಳೆಸಿ ನೋಡುವ ನ್ಯಾಷನಲ್ ಸೀ ಸಿಮ್ಯುಲೇಟರ್ ಇರುವುದು ಅಲ್ಲೇ.

"ಸಮುದ್ರ ನೋಡಿರೋದೇ ಎರಡು ಸಲ, ನನಗೆ ಯಾರು ಕೊಡ್ತಾರೆ ಕೆಲಸ?" ಅಂತ ಮಾನಸಗಂಗೋತ್ರಿಯ ಮಕ್ಕಳು ಕೇಳುತ್ತಾರೆ. ಬ್ರಿಸ್ಬೇನ್‌ನಲ್ಲಿ ಬೇರೆ ವಿಷಯ ಓದುತ್ತಿರುವ ನಮ್ಮವರೂ ಇದನ್ನೇ ಕೇಳುತ್ತಾರೆ. ಈ ಕೆಲಸದ ಮುಕ್ಕಾಲು ಪಾಲು ಟೈಟ್ರೇಶನ್, ಅಂದರೆ ಹನಿ ಹನಿಯಾಗಿ ಆಸಿಡ್ ಬಿಟ್ಟು ನೀರನ್ನು ಅಳೆಯುವುದು. ದಿಬ್ಬದ ಮೇಲೆ ಹರಿದು ಬಂದ ನೀರನ್ನು ಬಾಟಲಿಗೆ ತುಂಬುತ್ತೇವೆ. ಒಳಗಿನ ಜೀವಿಗಳು ಲೆಕ್ಕ ಕೆಡಿಸಬಾರದು ಅಂತ ಒಂದು ತೊಟ್ಟು ಮರ್ಕ್ಯುರಿಕ್ ಕ್ಲೋರೈಡ್ ಎಂಬ ವಿಷ ಹಾಕಿ ಬಿಗಿಯಾಗಿ ಮುಚ್ಚುತ್ತೇವೆ. ಲ್ಯಾಬಿನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಹನಿ ಹನಿಯಾಗಿ ಬಿಡುತ್ತಾ ಆಲ್ಕಲಿನಿಟಿ, ಅಂದರೆ ಆಸಿಡ್ ತಡೆದುಕೊಳ್ಳುವ ನೀರಿನ ಶಕ್ತಿ, ಅಳೆಯುತ್ತೇವೆ. ಸಾಮಾನ್ಯವಾಗಿ ಒಂದು ಕಿಲೋ ನೀರಿಗೆ 2,300 ಮೈಕ್ರೋಮೋಲ್ ಹತ್ತಿರ ಬರುತ್ತದೆ (ಮೋಲ್ ಅಂದರೆ ಕೆಮಿಸ್ಟ್ರಿಯಲ್ಲಿ ವಸ್ತುವಿನ ಪ್ರಮಾಣದ ಅಳತೆ). ಹವಳ ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿದರೆ ನೀರಿನ ಆಲ್ಕಲಿನಿಟಿ ಎರಡು ಮೋಲ್ ಇಳಿಯುತ್ತದೆ. ದಿಬ್ಬಕ್ಕೆ ಬರುವ ಮೊದಲಿನ ನೀರಿಗೂ ದಾಟಿದ ನೀರಿಗೂ ಇರುವ ವ್ಯತ್ಯಾಸ ನೋಡಿದರೆ ಸಾಕು, ಹವಳ ಇವತ್ತು ಎಷ್ಟು ಕಟ್ಟಿತು ಅಂತ ಗೊತ್ತಾಗುತ್ತದೆ. ನನಗೆ ಇವತ್ತಿಗೂ ಇದು ಬೆರಗು. ಬ್ಯೂರೆಟ್ (ಆಸಿಡ್ ಹನಿ ಬಿಡುವ ಗಾಜಿನ ಕೊಳವೆ) ಮುಂದೆ ತಾಳ್ಮೆಯಿಂದ ಕೂತು ಅಭ್ಯಾಸ ಇರುವವರು ಇಲ್ಲಿಗೆ ಹೊರಗಿನವರಲ್ಲ.

ಇನ್ನು ಇಲ್ಲಿಯ ಪದ್ಧತಿ. ನಮ್ಮಲ್ಲಿ ಮಾರ್ಕ್ಸ್, ರ‍್ಯಾಂಕ್ ಮೊದಲು ಬರುತ್ತದೆ. ಇಲ್ಲಿ ಜಾಹೀರಾತಿನ ಜೊತೆ "ಸೆಲೆಕ್ಷನ್ ಕ್ರೈಟೀರಿಯಾ" ಅಂತ ಆರೋ ಏಳೋ ಅಂಶ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆಯಬೇಕು. ಓದುವವರು ಅದನ್ನೇ ಹಿಡಿದು ತೂಗುತ್ತಾರೆ. ನನ್ನ ಮೊದಲ ಅರ್ಜಿಯಲ್ಲಿ ಪದವಿ, ಪದಕಗಳನ್ನೇ ತುಂಬಿದ್ದೆ. ಇಂಟರ್‌ವ್ಯೂಗೂ ಕರೆಯಲಿಲ್ಲ. ಎರಡನೇ ಸಲ ಬರೆದದ್ದು ಹೀಗೆ: "ಎಂಎಸ್ಸಿಯಲ್ಲಿ ಮಂಡ್ಯ ತಾಲ್ಲೂಕಿನ 40 ಬೋರ್‌ವೆಲ್‌ಗಳ ನೀರಿನ ಆಲ್ಕಲಿನಿಟಿ ಅಳೆದೆ. ಪ್ರತಿ ಸ್ಯಾಂಪಲ್ ಮೂರು ಸಲ. ಎಲೆಕ್ಟ್ರೋಡ್ ದಿನಾ ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡುತ್ತಿದ್ದೆ." ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿದರು. ಕೈಯಾರೆ ಮಾಡಿದ್ದನ್ನು ಸಂಖ್ಯೆಯ ಸಮೇತ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಇಲ್ಲಿ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ಪಿಎಚ್‌ಡಿ ಬೇಕಾದರೆ ದಾರಿ ಬೇರೆ. ಮೊದಲು ಸೂಪರ್‌ವೈಸರ್‌ಗೆ ಮೇಲ್ ಹಾಕಬೇಕು, ಅರ್ಜಿ ಆಮೇಲೆ. "ರೆಸ್ಪೆಕ್ಟೆಡ್ ಸರ್" ಬೇಡ, ಹೆಸರು ಹಿಡಿದೇ ಬರೆಯಬಹುದು. ಮೊದಮೊದಲು ನಾಲಿಗೆ ಏಳುವುದಿಲ್ಲ, ನಿಜ. ಅವರ ಒಂದು ಪೇಪರ್ ಪೂರ್ತಿ ಓದಿ, ಅದರ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ. ಹಣಕ್ಕೆ ಸರ್ಕಾರದ ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ ಇದೆ. 2025ರಲ್ಲಿ ಅದರ ಸ್ಟೈಪೆಂಡ್ ವರ್ಷಕ್ಕೆ ಕನಿಷ್ಠ 33,511 ಆಸ್ಟ್ರೇಲಿಯನ್ ಡಾಲರ್ ಇತ್ತು, ಪೂರ್ಣಾವಧಿಯವರಿಗೆ ಅದಕ್ಕೆ ತೆರಿಗೆ ಇಲ್ಲ. ಒಬ್ಬರಿಗೆ ಸಾಕು, ಸಂಸಾರಕ್ಕೆ ಬಿಗಿ. ವೀಸಾ ಸಬ್‌ಕ್ಲಾಸ್ 500, ಅಂದರೆ ವಿದ್ಯಾರ್ಥಿ ವೀಸಾ. ಬೇರೆ ವಿದ್ಯಾರ್ಥಿಗಳಿಗೆ ಇರುವ ಎರಡು ವಾರಕ್ಕೆ 48 ಗಂಟೆ ಕೆಲಸದ ಮಿತಿ, ಸಂಶೋಧನೆ ಶುರು ಮಾಡಿದ ಪಿಎಚ್‌ಡಿಯವರಿಗೆ ಇಲ್ಲ. ಆದರೆ ಸ್ಕಾಲರ್‌ಶಿಪ್‌ನ ಷರತ್ತು ಬೇರೆ ಇರಬಹುದು, ಪತ್ರ ಓದಿಕೊಳ್ಳಿ.

ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನೆಯ ಹುದ್ದೆ) ಆದರೆ ನೀವು ನೌಕರರು. ಸಂಬಳಕ್ಕೆ ತೆರಿಗೆ ಇದೆ, ಟ್ಯಾಕ್ಸ್ ಫೈಲ್ ನಂಬರ್ ಮೊದಲೇ ಮಾಡಿಸಿಕೊಳ್ಳಿ. ನಮ್ಮ ಪಿಎಫ್ ಥರ ಸೂಪರ್‌ಆನ್ಯುಯೇಶನ್ ಇದೆ. 2025ರ ಜುಲೈನಿಂದ ಕಾನೂನಿನ ಪ್ರಕಾರ ಕನಿಷ್ಠ 12 ಶೇಕಡಾ, ಸಂಬಳದ ಮೇಲೆ ಮಾಲೀಕರೇ ಕಟ್ಟುವುದು. ತಾತ್ಕಾಲಿಕ ವೀಸಾದಲ್ಲಿದ್ದು ದೇಶ ಬಿಟ್ಟು ಹೋದವರು ತೆರಿಗೆ ಕಳೆದು ಉಳಿದದ್ದನ್ನು ವಾಪಸ್ ಪಡೆಯಬಹುದು. ಎಷ್ಟೋ ಜನ ಮರೆತು ಬಿಟ್ಟುಹೋಗುತ್ತಾರೆ, ಬಿಡಬೇಡಿ.

ಡೈವಿಂಗ್ ಎಲ್ಲ ಹುದ್ದೆಗೂ ಬೇಕಿಲ್ಲ, ಈಜು ಬಂದರೆ ಒಳ್ಳೆಯದು. ವಿಸಿ ನಾಲೆಯಲ್ಲಿ ಈಜು ಕಲಿತವರಿಗೂ ಒಂದು ಮಾತು: ನವೆಂಬರ್‌ನಿಂದ ಮೇವರೆಗೆ ಇಲ್ಲಿಯ ದಡದಲ್ಲಿ ಪ್ರಾಣಕ್ಕೇ ಕುತ್ತು ತರುವಷ್ಟು ವಿಷದ ಬಾಕ್ಸ್ ಜೆಲ್ಲಿಫಿಶ್ ಇರುತ್ತದೆ. ಮೈ ಮುಚ್ಚುವ ಸೂಟ್ ಇಲ್ಲದೆ ನೀರಿಗೆ ಇಳಿಯಲೇಬೇಡಿ.

ರಜೆಗೆ ಊರಿಗೆ ಹೊರಡುವಾಗ ದಡದಲ್ಲಿ ಸಿಕ್ಕ ಹವಳದ ಚೂರನ್ನು ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಗಟ್ಟಿ ಹವಳ ದೇಶ ದಾಟಲು ಪರವಾನಗಿ ಬೇಕು. ನಮ್ಮಲ್ಲೂ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹುಲಿಯ ಜೊತೆ ಅದೂ ಇದೆ. ನಾನು ಅಮ್ಮನಿಗೆ ಫೋಟೋ ತೋರಿಸಿದೆ. "ನಮ್ಮ ಹಂಡೆ ಪೊರೆ ಥರಾನೇ ಇದೆ ಕಣೇ" ಅಂದರು.