ಅಗ್ಗಕ್ಕೆ ಸಿಕ್ಕ ಹಳೆಯ ಆರ್‌ಎಕ್ಸ್-8: ಮನೆಗೆ ತಂದ ಮೊದಲ ವಾರ ಮಾಡಬೇಕಾದದ್ದು

ಮಜ್ದಾ ಆರ್‌ಎಕ್ಸ್-8 ಎಂಬ ರೋಟರಿ ಎಂಜಿನ್ ಸ್ಪೋರ್ಟ್ಸ್ ಕಾರು ತಯಾರಾದದ್ದು 2003ರಿಂದ 2012ರವರೆಗೆ. ಭಾರತದಲ್ಲಿ ಕಂಪನಿ ಇದನ್ನು ಮಾರಲೇ ಇಲ್ಲ. ಹಾಗಾಗಿ ಇದನ್ನು ಓಡಿಸುವ ಕನ್ನಡಿಗರು ಹೆಚ್ಚಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದವರು. ಅಲ್ಲಿನ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಒಂದೂವರೆ ಲಕ್ಷ ಕಿ.ಮೀ. ಓಡಿದ ಆರ್‌ಎಕ್ಸ್-8 ಎಷ್ಟು ಕಡಿಮೆ ಬೆಲೆಗೆ ಸಿಗುತ್ತದೆಂದರೆ, ಎಂಜಿನ್ ರೀಬಿಲ್ಡ್ (ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಕಟ್ಟುವುದು) ಮಾಡಿಸುವ ಖರ್ಚು ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರ. ಹಾಗಾಗದಿರಬೇಕಾದರೆ ಮೊದಲ ವಾರದ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಈ ಕಾರಿನಲ್ಲಿ ಒಂದು ಸಣ್ಣ ಭಾಗ ಕೆಟ್ಟರೆ ಅದು ಪಕ್ಕದ ದೊಡ್ಡ ಭಾಗವನ್ನೂ ಕೆಡಿಸುತ್ತದೆ. ಇಲ್ಲಿ ಬರೆದಿರುವುದು ಮುಖ್ಯವಾಗಿ 2008ರವರೆಗಿನ ಮೊದಲ ಸರಣಿಯ ಕಾರುಗಳಿಗೆ ಅನ್ವಯಿಸುತ್ತದೆ, ಅಗ್ಗಕ್ಕೆ ಸಿಗುವುದು ಬಹುತೇಕ ಅವೇ.

ದುಡ್ಡು ಬಿಚ್ಚುವ ಮುನ್ನ ಕಂಪ್ರೆಷನ್

ಪ್ಲಗ್, ಆಯಿಲ್ ಯಾವುದನ್ನೂ ಕೊಳ್ಳುವ ಮೊದಲು ಎಂಜಿನ್ ಬದುಕಿದೆಯೇ ಎಂದು ತಿಳಿಯಬೇಕು. ಇದರೊಳಗೆ ಪಿಸ್ಟನ್ ಇಲ್ಲ. ತಲಾ 654 ಸಿಸಿಯ ಎರಡು ಕೋಣೆಗಳಲ್ಲಿ ತ್ರಿಕೋನಾಕಾರದ ಎರಡು ರೋಟರ್‌ಗಳು ತಿರುಗುತ್ತವೆ. ಒಂದೊಂದು ರೋಟರ್‌ಗೂ ಮೂರು ಮುಖ, ಒಂದೊಂದು ಮುಖಕ್ಕೂ ಅದರದ್ದೇ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಒತ್ತಿದಾಗ ಏರುವ ಒತ್ತಡ. ಮಾಮೂಲಿ ಗೇಜ್ ಹಾಕಿದರೆ ಮೂರರಲ್ಲಿ ಹೆಚ್ಚಿರುವ ಅಂಕಿಯನ್ನಷ್ಟೇ ತೋರಿಸುತ್ತದೆ, ಸೋತಿರುವ ಮುಖ ಅದರ ಹಿಂದೆ ಅಡಗಿಬಿಡುತ್ತದೆ. ಆದ್ದರಿಂದ ರೋಟರಿಗೆಂದೇ ಮಾಡಿದ ಟೆಸ್ಟರ್ ಇರುವ ಗ್ಯಾರೇಜಿಗೇ ಹೋಗಿ.

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು. ಮಜ್ದಾ ಕೊಟ್ಟಿರುವ ಅಳತೆ 250 ಆರ್‌ಪಿಎಂಗೆ: ಸರಿಯಾದ ಎಂಜಿನ್‌ಗೆ 830 ಕಿಲೋಪ್ಯಾಸ್ಕಲ್, ಕನಿಷ್ಠ 680. ಒಂದೇ ರೋಟರಿನ ಮುಖಗಳ ನಡುವಿನ ಅಂತರ 150 ಮೀರಬಾರದು, ಎರಡು ರೋಟರ್‌ಗಳ ನಡುವೆ 100 ಮೀರಬಾರದು. ಸ್ಟಾರ್ಟರ್ ಎಂಜಿನ್ ಅನ್ನು ಎಷ್ಟು ವೇಗವಾಗಿ ತಿರುಗಿಸಿತು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಅದಕ್ಕೇ ಪರೀಕ್ಷೆಯ ಆರ್‌ಪಿಎಂ ಬರೆಯದ ವರದಿಗೆ ಬೆಲೆಯಿಲ್ಲ, 250ಕ್ಕೆ ಸರಿಹೊಂದಿಸಿದ ಅಂಕಿಗಳನ್ನೇ ಕೇಳಿ ಪಡೆಯಿರಿ.

ಟೆಸ್ಟರ್ ಸಿಗುವ ತನಕ ಕಿವಿಯೇ ಸಾಧನ. ಲೀಡಿಂಗ್ ಪ್ಲಗ್ (ಪ್ರತಿ ರೋಟರ್‌ನ ಎರಡು ಸ್ಪಾರ್ಕ್ ಪ್ಲಗ್‌ಗಳಲ್ಲಿ ಕೆಳಗಿನದು) ಬಿಚ್ಚಿ, ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳ ಕನೆಕ್ಟರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ. ಪೆಡಲ್ ನೆಲಕ್ಕೆ ತಾಗಿದ್ದರೆ ಈ ಕಾರಿನ ಕಂಪ್ಯೂಟರ್ ಇಂಧನ ನಿಲ್ಲಿಸುತ್ತದೆ. ಪ್ಲಗ್ ತೂತಿನಿಂದ ಬರುವ ಫುಸ್-ಫುಸ್-ಫುಸ್ ಒಂದೇ ಸಮನಾಗಿರಬೇಕು. ಮೂರರಲ್ಲಿ ಒಂದು ಸದ್ದು ಮಂಕಾಗಿದ್ದರೆ ಒಂದು ಮುಖದ ಸೈಡ್ ಸೀಲ್ (ರೋಟರ್‌ನ ಪಕ್ಕದ ಅಂಚಿನ ಪಟ್ಟಿ) ಸೋತಿದೆ ಎಂಬ ಅನುಮಾನ. ಒಂದರ ಪಕ್ಕ ಒಂದು, ಎರಡು ಸದ್ದು ಮಂಕಾಗಿದ್ದರೆ ಅವೆರಡರ ನಡುವಿನ ಎಪೆಕ್ಸ್ ಸೀಲ್ (ತ್ರಿಕೋನದ ಮೂಲೆಯ ಪಟ್ಟಿ) ಹೋಗಿದೆ ಎಂದೇ ತಿಳಿಯಿರಿ.

ಬಿಸಿ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡುವುದು ಇನ್ನೊಂದು ಪರೀಕ್ಷೆ. ತಣ್ಣಗಿದ್ದಾಗ ತಕ್ಷಣ ಹತ್ತಿಕೊಳ್ಳುವ ಎಂಜಿನ್ ಬಿಸಿಯಲ್ಲಿ ಬಹಳ ಹೊತ್ತು ಕ್ರ್ಯಾಂಕ್ ಕೇಳಿದರೆ ಸೀಲ್‌ಗಳು ಕೊನೆಗಾಲದಲ್ಲಿವೆ ಎಂದರ್ಥ. ಆದರೂ ಸ್ಟಾರ್ಟರ್ ಮತ್ತು ಬ್ಯಾಟರಿ ನೋಡದೆ ತೀರ್ಪು ಕೊಡಬೇಡಿ. ಮೊದಲ ವರ್ಷಗಳ ಸ್ಟಾರ್ಟರ್ ದುರ್ಬಲ, ಮಜ್ದಾ ಆಮೇಲೆ ವೇಗವಾಗಿ ತಿರುಗಿಸುವ ಸ್ಟಾರ್ಟರ್ ಕೊಟ್ಟಿತು. ಸತ್ತಿದೆ ಅಂದುಕೊಂಡ ಎಂಜಿನ್ ಹೊಸ ಸ್ಟಾರ್ಟರ್ ಹಾಕಿದೊಡನೆ ಎದ್ದುಬರುವುದೂ ಉಂಟು.

ಅಂಕಿಗಳು 680ಕ್ಕಿಂತ ಕೆಳಗಿದ್ದರೆ ಮುಂದಿನ ಯಾವ ಖರ್ಚನ್ನೂ ಮಾಡಬೇಡಿ. ಆ ದುಡ್ಡು ರೀಬಿಲ್ಡ್‌ಗೆ ಇರಲಿ.

ಕಾಯಿಲ್, ಪ್ಲಗ್, ವೈರ್: ಒಟ್ಟಿಗೇ

ಕಂಪ್ರೆಷನ್ ಸರಿಯಿದ್ದರೆ ಮೊದಲ ದುಡ್ಡು ಹೋಗಬೇಕಾದದ್ದು ಇಗ್ನಿಷನ್‌ಗೆ. ಆರ್‌ಎಕ್ಸ್-8ಗಳು ಸಾಯುವುದು ಹೆಚ್ಚಾಗಿ ಇಲ್ಲಿಂದಲೇ. ಇದರಲ್ಲಿ ನಾಲ್ಕು ಕಾಯಿಲ್, ನಾಲ್ಕು ಪ್ಲಗ್. 9,000 ಆರ್‌ಪಿಎಂವರೆಗೆ ತಿರುಗುವ ಎಂಜಿನ್‌ನಲ್ಲಿ ಕಾಯಿಲ್‌ಗೆ ಬಿಡುವೇ ಇಲ್ಲ, ಜೊತೆಗೆ ಎಂಜಿನ್ ಬಿಸಿಯೆಲ್ಲ ಅದರ ಮೇಲೇ. ಸುಮಾರು 50,000 ಕಿ.ಮೀ. ಆದಮೇಲೆ ಕಾಯಿಲ್ ಸೋಲತೊಡಗುತ್ತದೆ. ಪೂರ್ತಿ ಸಾಯುವುದಿಲ್ಲ, ಕಿಡಿ ಮಾತ್ರ ಬಡವಾಗುತ್ತದೆ. ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದರ ಜೇನುಗೂಡು ಕರಗಿ ದಾರಿ ಮುಚ್ಚುತ್ತದೆ. ಹೊರಹೋಗಲಾರದ ಬಿಸಿ ಅನಿಲ ಎಂಜಿನ್‌ನಲ್ಲೇ ನಿಂತು ಸೀಲ್‌ಗಳನ್ನು ಸುಡುತ್ತದೆ. ಈ ಎಂಜಿನ್‌ನ ಎಕ್ಸಾಸ್ಟ್ ಪೋರ್ಟ್‌ಗಳು ಪಕ್ಕದ ಗೋಡೆಗಳಲ್ಲಿ ಇರುವುದರಿಂದ ಆ ಬಿಸಿ ಮೊದಲು ತಟ್ಟುವುದು ಸೈಡ್ ಸೀಲ್‌ಗಳಿಗೆ. ಕಾಯಿಲ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಹೀಗೆ.

ಹಿಂದಿನ ಮಾಲೀಕರು ಬದಲಿಸಿದ ರಸೀದಿ ಇಲ್ಲದಿದ್ದರೆ ನಾಲ್ಕೂ ಕಾಯಿಲ್ ಹೊಸದಾಗಿ ಹಾಕಿ. ಒಂದನ್ನೇ ಬದಲಿಸುವುದು ವ್ಯರ್ಥ, ಉಳಿದ ಮೂರೂ ಅಷ್ಟೇ ಓಡಿರುತ್ತವೆ. ಮಜ್ದಾದ ತಿದ್ದಿದ ಕಾಯಿಲ್ ಸಂಖ್ಯೆ ಎನ್3ಎಚ್1-18-100, ಅದರ ಕೊನೆಯಲ್ಲಿ ‘ಸಿ’ ಇರುವುದು ಹೊಸ ಪರಿಷ್ಕರಣೆ. ಹೆಸರಿಲ್ಲದ ಅಗ್ಗದ ಕಾಯಿಲ್ ಈ ಕಾರಿಗೆ ಬೇಡ.

ಪ್ಲಗ್ ಎರಡು ಬಗೆ. ಲೀಡಿಂಗ್‌ಗೆ ಎನ್‌ಜಿಕೆ ಆರ್‌ಇ7ಸಿ-ಎಲ್ ಎರಡು, ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ ಎರಡು. ಕೆಳಗಿನ ತೂತುಗಳು ಲೀಡಿಂಗ್, ಮೇಲಿನವು ಟ್ರೇಲಿಂಗ್. ಕಾರಿನ ಎಡ ಮುಂಚಕ್ರ ಬಿಚ್ಚಿದರೆ ಚಕ್ರದ ಗೂಡಿನಿಂದಲೇ ಕೈ ಹೋಗುತ್ತದೆ. ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ, ಎಂಜಿನ್ ತಣ್ಣಗಾದ ಮೇಲಷ್ಟೇ ಕೈ ಹಾಕಿ. ವೈರ್ ಕೀಳುವ ಮುಂಚೆ ಪ್ರತಿಯೊಂದಕ್ಕೂ ಟೇಪ್ ಸುತ್ತಿ ಎಲ್1, ಟಿ1, ಎಲ್2, ಟಿ2 (ಎಲ್ ಲೀಡಿಂಗ್, ಟಿ ಟ್ರೇಲಿಂಗ್; 1 ಮುಂದಿನ ರೋಟರ್, 2 ಹಿಂದಿನದು) ಎಂದು ಬರೆದು ಫೋಟೊ ತೆಗೆದಿಟ್ಟುಕೊಳ್ಳಿ. ವೈರ್ ಅದಲುಬದಲಾದರೂ ಎಂಜಿನ್ ಕುಂಟುತ್ತಾ ಓಡಬಹುದು, ಓಡುತ್ತಲೇ ಕನ್ವರ್ಟರ್ ಅನ್ನು ಸುಡುತ್ತದೆ. ಹೊಸ ಪ್ಲಗ್ ಅನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 13ರಿಂದ 17 ನ್ಯೂಟನ್-ಮೀಟರ್.

ಬಿಚ್ಚಿದ ಪ್ಲಗ್‌ಗಳನ್ನು ಎಸೆಯುವ ಮೊದಲು ಸಾಲಾಗಿ ಇಟ್ಟು ನೋಡಿ. ನಾಲ್ಕೂ ಒಂದೇ ಬಣ್ಣ ಇದ್ದರೆ ಒಳ್ಳೆಯದು. ಒಂದು ಮಾತ್ರ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಅದರ ಕಾಯಿಲ್ ಸೋತಿತ್ತು. ಆವಿಯಲ್ಲಿ ತೊಳೆದಂತೆ ಸ್ವಚ್ಛವಾಗಿದ್ದರೆ ಆ ರೋಟರ್‌ಗೆ ಕೂಲಂಟ್ ಇಳಿಯುತ್ತಿರಬಹುದು.

ಇದಾದ ಮೇಲೆ ಕನ್ವರ್ಟರ್. ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಗಲಗಲ ಅಂದರೆ ಜೇನುಗೂಡು ಒಡೆದಿದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದರ ತೂತಿಗೆ ಒತ್ತಡದ ಗೇಜ್ ಹಾಕಿ ನೋಡಿದರೆ ಇನ್ನೂ ಖಚಿತ: ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ. ಕಟ್ಟಿದ ಕನ್ವರ್ಟರ್ ಇಟ್ಟುಕೊಂಡು ಒಂದು ದಿನವೂ ಓಡಿಸಬಾರದು. ಓಡುವಾಗ ಚೆಕ್ ಎಂಜಿನ್ ದೀಪ ಮಿಣುಕಿದರೆ ಅದು ಮಿಸ್‌ಫೈರ್: ಪಿ0301 ಮುಂದಿನ ರೋಟರ್, ಪಿ0302 ಹಿಂದಿನದು. ತಕ್ಷಣ ಬದಿಗೆ ನಿಲ್ಲಿಸಿ.

ಆಯಿಲ್ ಖರ್ಚಾಗಲೇಬೇಕು

ಪಿಸ್ಟನ್ ಕಾರು ಆಯಿಲ್ ಕುಡಿದರೆ ರೋಗ. ಇಲ್ಲಿ ಕುಡಿಯದಿದ್ದರೆ ರೋಗ. ಎಪೆಕ್ಸ್ ಸೀಲ್‌ಗಳು ಉಜ್ಜುವ ಗೋಡೆಗೆ ಎಣ್ಣೆ ಹಚ್ಚಲೆಂದೇ ಮೀಟರಿಂಗ್ ಪಂಪ್ ಒಂದು ಸಂಪ್‌ನಿಂದ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಆಯಿಲ್ ಎತ್ತಿ ಕೋಣೆಗೆ ಸಿಂಪಡಿಸುತ್ತದೆ. ಸುಮಾರು 1,500ರಿಂದ 2,500 ಕಿ.ಮೀ.ಗೆ ಒಂದು ಲೀಟರ್ ಹೋಗುವುದು ಸಹಜ. ಡಿಪ್‌ಸ್ಟಿಕ್ ಮಟ್ಟ ಇಳಿಯದೇ ಇದ್ದರೆ ಪಂಪ್ ಅಥವಾ ಅದರ ಸಣ್ಣ ನಳಿಕೆಗಳು ಕಟ್ಟಿವೆಯೇ ನೋಡಿಸಿ. ಪ್ರತಿ ಎರಡನೆಯ ಬಾರಿ ಪೆಟ್ರೋಲ್ ತುಂಬಿಸುವಾಗ ಡಿಪ್‌ಸ್ಟಿಕ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸಮತಟ್ಟಾದ ಜಾಗ, ಎಂಜಿನ್ ಆರಿಸಿ ಐದು ನಿಮಿಷ.

ಕಂಪ್ರೆಷನ್ ಸರಿಯಿದೆ ಎಂದು ತಿಳಿದ ಕೂಡಲೇ ಆಯಿಲ್ ಬದಲಿಸಿ. ಫಿಲ್ಟರ್ ಸೇರಿ ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ. ಒಟ್ಟು ಆಯಿಲ್ ಇದಕ್ಕಿಂತ ಹೆಚ್ಚು, ಉಳಿದದ್ದು ಕೂಲರ್‌ಗಳಲ್ಲೂ ಪೈಪುಗಳಲ್ಲೂ ನಿಂತಿರುತ್ತದೆ. ಹಾಗಾಗಿ 1,000 ಕಿ.ಮೀ.ಗೆ ಇನ್ನೊಂದು ಸಲ ಬದಲಿಸಿದರೆ ಮಾತ್ರ ಹಳೆಯ ಕೊಳೆ ಹೊರಬೀಳುತ್ತದೆ. ಅಲ್ಲಿಂದ ಮುಂದೆ 5,000 ಕಿ.ಮೀ.ಗೊಮ್ಮೆ. ಅಮೆರಿಕದಲ್ಲಿ ಮಜ್ದಾ ಹೇಳಿದ್ದು 5ಡಬ್ಲ್ಯು-20, ಯುರೋಪಿನಲ್ಲಿ 5ಡಬ್ಲ್ಯು-30. ಹೆಚ್ಚು ಓಡಿದ ಎಂಜಿನ್‌ಗೆ, ಅದರಲ್ಲೂ ಟೆಕ್ಸಸ್, ಅರಿಜೋನದಂಥ ಕಡೆ, 5ಡಬ್ಲ್ಯು-30 ವಾಸಿ. ಸಂಪ್‌ನ ಆಯಿಲ್ ಪೆಟ್ರೋಲ್ ಬೆರೆತು ತೆಳುವಾಗುತ್ತಲೇ ಇರುವುದರಿಂದ ದುಬಾರಿ ಆಯಿಲ್ ಹಾಕಿ ಬಹಳ ದಿನ ಬಿಡುವುದಕ್ಕಿಂತ ಸಾಧಾರಣ ಆಯಿಲ್ ಬೇಗ ಬೇಗ ಬದಲಿಸುವುದು ಲೇಸು.

ಮೀಟರಿಂಗ್ ಪಂಪ್ ಕೊಡುವುದು ಸಾಲದು ಎಂಬುದು ರೋಟರಿ ಕಟ್ಟುವವರ ಸಾಮಾನ್ಯ ಅಭಿಪ್ರಾಯ, ನಮ್ಮದೂ ಅದೇ. ಎರಡನೆಯ ಸರಣಿಯಲ್ಲಿ ಮಜ್ದಾ ಕೂಡ ಆಯಿಲ್ ನಳಿಕೆಗಳನ್ನು ಹೆಚ್ಚಿಸಿತು. ಮೊದಲ ಸರಣಿಗೆ ಸುಲಭ ಉಪಾಯ ಪೆಟ್ರೋಲ್‌ಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸುವುದು. ಲೀಟರಿಗೆ 4ರಿಂದ 5 ಮಿ.ಲೀ., ಅಂದರೆ 50 ಲೀಟರ್ ತುಂಬಿಸಿದರೆ ಕಾಲು ಲೀಟರಿನಷ್ಟು. ಡಬ್ಬದ ಮೇಲೆ ಜಪಾನಿನ ಗುಣಮಟ್ಟದ ಗುರುತು ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ, ಅವು ಹೊಗೆ ಕಡಿಮೆ ಬಿಡುತ್ತವೆ. ಆಯಿಲ್ ಮೊದಲು ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿದರೆ ತಾನಾಗಿ ಬೆರೆಯುತ್ತದೆ.

ಕಾರಿನಡಿ ಮಲಗಿದಾಗ ಆಯಿಲ್ ಕೂಲರ್‌ಗಳಿಗೆ ಹೋಗುವ ಪೈಪ್‌ಗಳನ್ನು ಟಾರ್ಚ್ ಹಾಕಿ ನೋಡಿ. ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ನ್ಯೂಯಾರ್ಕ್‌ನಂಥ ಕಡೆಯ ಕಾರಿನಲ್ಲಿ ರಬ್ಬರ್ ಮತ್ತು ಲೋಹ ಕೂಡುವ ಕಡೆ ತುಕ್ಕು ಹಿಡಿದು ಜಿನುಗುತ್ತದೆ. ಅದು ಒಡೆದರೆ ನಿಮಿಷಗಳಲ್ಲಿ ಆಯಿಲ್ ಖಾಲಿ.

ಮೀಟರ್ ಮುಳ್ಳನ್ನು ನಂಬಬೇಡಿ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು 110 ಡಿಗ್ರಿ ದಾಟುವವರೆಗೂ ನಡುವಿನಿಂದ ಅಲುಗುವುದಿಲ್ಲ, ಅದನ್ನು ಹಾಗೆಯೇ ಮಾಡಿದ್ದಾರೆ. ಅದು ಮೇಲೇರುವ ಹೊತ್ತಿಗೆ ರೋಟರ್ ಕೋಣೆಗಳ ನಡುವಿನ ಕೂಲಂಟ್ ಸೀಲ್‌ಗಳು ಬೆಂದಿರುತ್ತವೆ. ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಸಣ್ಣ ಬ್ಲೂಟೂತ್ ರೀಡರ್ ಚುಚ್ಚಿ ಫೋನಿನಲ್ಲಿ ಅಸಲಿ ಅಂಕಿ ನೋಡುತ್ತಿರಿ. ಹೈವೇಯಲ್ಲಿ 85ರಿಂದ 95 ಡಿಗ್ರಿ ಸರಿ. 105 ದಾಟಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ವೇಗ ತಗ್ಗಿಸಿ. 110 ಬಂದರೆ ನಿಲ್ಲಿಸಿ.

ಕೂಲಂಟ್ ಪೂರ್ತಿ ಬದಲಿಸಲು ಸುಮಾರು 10 ಲೀಟರ್ ಮಿಶ್ರಣ ಬೇಕು. ಥರ್ಮೋಸ್ಟ್ಯಾಟ್, ಮೇಲಿನ-ಕೆಳಗಿನ ಹೋಸ್‌ಗಳು, ಒತ್ತಡದ ಮುಚ್ಚಳ ಆಗಲೇ ಬದಲಿಸಿ. ಕೂಲಂಟ್ ಬಾಟಲಿಯ ಪ್ಲಾಸ್ಟಿಕ್ ವರ್ಷಗಳ ಬಿಸಿಗೆ ಬಿರುಕು ಬಿಡುತ್ತದೆ, ಅದರೊಳಗಿನ ಲೆವೆಲ್ ಸೆನ್ಸರ್ ಸುಳ್ಳು ದೀಪ ಹತ್ತಿಸುವುದೂ ಮಾಮೂಲಿ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವೆ ಸೇರಿದ ಎಲೆ, ಧೂಳನ್ನು ನಿಧಾನಕ್ಕೆ ತೊಳೆಯಿರಿ. ಇಷ್ಟಾದ ಮೇಲೂ ಬಿಸಿ ಎಂಜಿನ್ ಐಡಲ್‌ನಲ್ಲಿ ಬಾಟಲಿಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಕೂಲಂಟ್ ಸೀಲ್ ಹೋಗಿದೆ. ಅದಕ್ಕೆ ಎಂಜಿನ್ ಬಿಚ್ಚುವುದೊಂದೇ ದಾರಿ, ಸೀಲ್ ಮುಚ್ಚುವ ದ್ರವಗಳಿಂದ ರೇಡಿಯೇಟರ್ ಕಟ್ಟುತ್ತದೆ ಅಷ್ಟೇ.

ಉಳಿದವು

3,750 ಆರ್‌ಪಿಎಂ ಸುಮಾರಿಗೆ ಎಳೆತ ಸತ್ತಂತಾದರೆ ಇನ್‌ಟೇಕ್‌ನ ಎಸ್‌ಎಸ್‌ವಿ ವಾಲ್ವ್ (ಆ ವೇಗದಲ್ಲಿ ಹೆಚ್ಚಿನ ಗಾಳಿಗೆ ದಾರಿ ತೆರೆಯುವ ಕವಾಟ) ಕಾರ್ಬನ್‌ಗೆ ಅಂಟಿರಬಹುದು. ಬಿಚ್ಚಿ ಕ್ಲೀನರ್ ಹಾಕಿ ಕೈಯಲ್ಲಿ ಸಲೀಸಾಗಿ ತಿರುಗುವವರೆಗೆ ಉಜ್ಜಿ. ಏರ್ ಫಿಲ್ಟರ್ ಬದಲಿಸಿ, ಏರ್‌ಫ್ಲೋ ಸೆನ್ಸರ್‌ಗೆ ಅದರದೇ ಸ್ಪ್ರೇ ಹೊಡೆಯಿರಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೀ ಆನ್ ಮಾಡಿ, ಎಂಜಿನ್ ಹಚ್ಚದೆ, ಬ್ರೇಕ್ ಪೆಡಲ್ ಬೇಗ ಬೇಗ 20 ಸಲ ಒತ್ತಿದರೆ ಕಂಪ್ಯೂಟರ್ ಹಳೆಯ ಕಲಿಕೆ ಅಳಿಸುತ್ತದೆ. ಆಗ ಆಯಿಲ್ ಪ್ರೆಷರ್ ಮುಳ್ಳು ಅಲುಗುವುದನ್ನು ನೋಡಿ. ಮ್ಯಾನುಯಲ್ ಗೇರ್‌ಬಾಕ್ಸ್‌ಗೆ 75ಡಬ್ಲ್ಯು-90 ಸುಮಾರು 1.75 ಲೀಟರ್. ಕ್ಲಚ್ ಪೆಡಲ್ ಕಿರುಗುಟ್ಟಿದರೆ ಬ್ರ್ಯಾಕೆಟ್‌ನ ವೆಲ್ಡಿಂಗ್ ಬಿರಿದಿದೆಯೇ ನೋಡಿ, ಇದು ಈ ಕಾರಿನ ಗೊತ್ತಿರುವ ಕಾಯಿಲೆ. ಚಾಸಿ ನಂಬರ್ ಕೊಟ್ಟು ಬಾಕಿ ರೀಕಾಲ್‌ಗಳಿವೆಯೇ ಪರೀಕ್ಷಿಸಿ. ಟಕಾಟಾ ಏರ್‌ಬ್ಯಾಗ್ ರೀಕಾಲ್‌ನಲ್ಲಿ ಈ ಕಾರೂ ಇತ್ತು, ಅದನ್ನು ಡೀಲರ್ ಉಚಿತವಾಗಿ ಮಾಡಿಕೊಡಬೇಕು.

ಓಡಿಸುವಾಗ ತಪ್ಪಬಾರದ ನಿಯಮ ಒಂದಿದೆ: ತಣ್ಣನೆಯ ಎಂಜಿನ್ ಹಚ್ಚಿ ಅರ್ಧ ನಿಮಿಷಕ್ಕೇ ಆರಿಸಬೇಡಿ. ಗ್ಯಾರೇಜಿನಿಂದ ರಸ್ತೆಗೆ ತೆಗೆಯಲೆಂದು ಹಚ್ಚಿದರೂ ಪೂರ್ತಿ ಬಿಸಿಯಾಗಲು ಬಿಡಿ. ಇಲ್ಲದಿದ್ದರೆ ಪೆಟ್ರೋಲ್ ಸೀಲ್‌ಗಳ ಎಣ್ಣೆ ತೊಳೆದು, ಪ್ಲಗ್ ನೆನೆಸಿ, ಮುಂದಿನ ಸಲ ಹತ್ತುವುದಿಲ್ಲ. ಹಾಗೆ ನೆನೆದಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಸ್ಟಾರ್ಟರ್ ತಣಿಯಲು ಬಿಟ್ಟು ಇನ್ನೊಮ್ಮೆ ಮಾಡಿ, ಪೆಡಲ್ ಬಿಟ್ಟು ಮಾಮೂಲಿಯಂತೆ ಹಚ್ಚಿ. ಆಗಲೂ ಆಗದಿದ್ದರೆ ಪ್ಲಗ್‌ಗಳನ್ನು ಬಿಚ್ಚಿ ಒಣಗಿಸಿ, ಪ್ರತಿ ಲೀಡಿಂಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕಂಪ್ರೆಷನ್ ಮರಳಿಸಿ. ಹತ್ತಿದ ಮೇಲೆ ಸ್ವಲ್ಪ ಹೊತ್ತು ದಟ್ಟ ಬಿಳಿ ಹೊಗೆ ಬರುತ್ತದೆ, ಬಯಲಿನಲ್ಲೇ ಹಚ್ಚಿ.

ಬಿಸಿಯಾದ ಮೇಲೆ ದಿನಕ್ಕೊಮ್ಮೆ ರೆಡ್‌ಲೈನ್ (ಆರ್‌ಪಿಎಂ ಮೀಟರಿನ ಕೆಂಪು ಗೆರೆ) ಹತ್ತಿರ ಒಯ್ಯಿರಿ. ಕೆಳಗಿನ ಆರ್‌ಪಿಎಂನಲ್ಲೇ ತೆವಳಿಸಿದರೆ ಕಾರ್ಬನ್ ಕಟ್ಟಿ ಸೈಡ್ ಸೀಲ್‌ಗಳು ತಾವು ಕೂರುವ ಸೀಳಿನಲ್ಲೇ ಸಿಕ್ಕಿಕೊಳ್ಳುತ್ತವೆ. ಮೊದಲ ಕಂಪ್ರೆಷನ್ ವರದಿಯನ್ನು ಗ್ಲೋವ್‌ಬಾಕ್ಸ್‌ನಲ್ಲಿ ಇಡಿ. 10,000 ಕಿ.ಮೀ. ಆದಮೇಲೆ ಅದೇ ಗ್ಯಾರೇಜಿನಲ್ಲಿ, ಅದೇ ಟೆಸ್ಟರ್‌ನಲ್ಲಿ ಆರೂ ಮುಖಗಳನ್ನು ಮತ್ತೆ ಅಳೆಸಿ ಪಕ್ಕದಲ್ಲೇ ಬರೆದಿಡಿ.